ರಟ್ಟಜ್ಜ ಬಿಚ್ಚಿದ ಅರವತ್ತೊಂದು ಪುಸ್ತಕಗಳು

ನಮ್ಮ ರಟ್ಟಜ್ಜನಿಗೆ ಕೋಪ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಅವನ ಮುಖ ನೋಡಬೇಕಾಗಿಲ್ಲ, ನನ್ನನ್ನು ಏನೆಂದು ಕರೆಯುತ್ತಾನೆ ಅನ್ನುವುದನ್ನು ಕೇಳಿಸಿಕೊಂಡರೆ ಸಾಕು. ಖುಷಿಯಲ್ಲಿದ್ದರೆ ನಾನು 'ತಾಯಿ'. ಕೋಪದಲ್ಲಿದ್ದರೆ 'ಮೇಡಂ'. ಇಪ್ಪತ್ತೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇವೆ, ಅದರಲ್ಲಿ ನಾನು ಮೇಡಂ ಆಗಿದ್ದ ದಿನಗಳೇ ಹೆಚ್ಚು. ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳೇಕೆ ಹೇಳಲಿ. ಎದುರಿಗೆ ಅವನಿಗೆ 'ನೀವು' ಅನ್ನುತ್ತೇನೆ. ಮನಸ್ಸಿನಲ್ಲಿ ಮಾತ್ರ ಅವನು ಏಕವಚನದ ಅಜ್ಜ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಬೇಕಾದರೆ ಬಂದು ಜಗಳ ಆಡಲಿ.

ಪುಸ್ತಕಗಳಿಗೆ ರಟ್ಟು ಹಾಕುವುದು ಅವನ ಕೆಲಸವಾಗಿತ್ತು, ಅದಕ್ಕೇ ಆ ಹೆಸರು. ನಮ್ಮ ಗ್ರಂಥಾಲಯದ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಹಳ್ಳಿ ಬರಹಗಳ ಸಂಗ್ರಹವಿದೆ. ಅದರ ಉಸ್ತುವಾರಿ ನನ್ನದು. ಸುತ್ತಲಿನ ಹಳ್ಳಿಗಳಲ್ಲಿ ಜನ ಕೈಯಾರೆ ಬರೆದದ್ದು, ಅಚ್ಚಿನ ಮುಖವನ್ನೇ ಕಾಣದ್ದು, ಎಲ್ಲ ಅಲ್ಲಿಗೆ ಬರುತ್ತದೆ. ಹೆಂಗಸರ ಹಾಡಿನ ನೋಟ್‌ಬುಕ್ಕು, ನಾಟಕದ ಪ್ರತಿ, ಯಾರೋ ಮೇಷ್ಟ್ರು ಮೂವತ್ತು ವರ್ಷ ಬಿಡದೆ ಬರೆದ ದಿನಚರಿ, ಹೀಗೆ. ಬರುವಾಗ ಅವಕ್ಕೆ ಬೆನ್ನೇ ಇರುವುದಿಲ್ಲ, ಮೈತುಂಬ ಹುಳು ಕೊರೆದ ತೂತು. ರಟ್ಟಜ್ಜ ಒಂದೊಂದನ್ನೂ ಬಿಡಿಸಿ, ಒರೆಸಿ, ಹೊಲಿದು, ಮೈದಾ ಅಂಟು ಕಾಸಿ ರಟ್ಟು ಹಾಕಿ ನಿಲ್ಲಿಸುತ್ತಿದ್ದ. ಅಂಗಡಿಯ ಬಿಳಿ ಗೋಂದು ತರಿಸಿಕೊಡುತ್ತೇನೆ, ಈ ಅಂಟಿನ ವಾಸನೆ ಸಾಕು ಎಂದು ನಾನು ಬೇಡಿಕೊಂಡಾಗಲೆಲ್ಲ ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದ, ಹಾಕಿದ್ದನ್ನು ನಾಳೆ ಬಿಚ್ಚಲು ಬರುವ ಹಾಗಿದ್ದರೆ ಮಾತ್ರ ಅದು ಬೈಂಡಿಂಗು, ಇಲ್ಲದಿದ್ದರೆ ಅದು ಪುಸ್ತಕವನ್ನು ಗೋರಿ ಮಾಡಿದ ಹಾಗೆ ಅಂತ.

ನಾನು ಇಡೀ ಜನ್ಮಕ್ಕೆ ಅವನಿಗೆ ಋಣಿ. ಯಾಕೆಂದು ಹೇಳಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ಮೂರು ವರ್ಷದ ಕೆಳಗೆ ಒಂದು ತಗಡಿನ ಪೆಟ್ಟಿಗೆ ಬಂತು. ಒಳಗೆ ಒಂದು ಹಳ್ಳಿಯ ಕೈಬರಹದ ಮಾಸಪತ್ರಿಕೆ, ಹನ್ನೊಂದು ವರ್ಷದ್ದು. ಆ ಊರಿನ ಶಾಲೆಯ ಮೇಷ್ಟ್ರು ತಿಂಗಳಿಗೊಂದು ಸಂಚಿಕೆಯಂತೆ ತಾವೇ ಕೈಯಲ್ಲಿ ಬರೆದು ಹೊರಡಿಸುತ್ತಿದ್ದರಂತೆ. ಪ್ರತಿ ಸಂಚಿಕೆಗೆ ಇದ್ದದ್ದು ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ಹೋಗುತ್ತಿತ್ತು, ಒಂದೊಂದು ಮನೆಗೆ ಎರಡೆರಡು ದಿನ. ಪುಟದ ಪಕ್ಕದಲ್ಲಿ ಮೂರು ಬೆರಳಗಲ ಜಾಗವನ್ನು ಓದಿದವರು ಏನಾದರೂ ಬರೆಯಲಿ ಎಂದೇ ಬಿಟ್ಟಿದ್ದರು. ಅದಕ್ಕಾಗಿ ಪತ್ರಿಕೆಗೆ ದಾರದಲ್ಲಿ ಒಂದು ಪೆನ್ಸಿಲು ಕಟ್ಟಿ ಕಳಿಸುತ್ತಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಕಂಡದ್ದು ಬರೀ ಹರಿದು ಚಿಂದಿಯಾದ ಅಂಚು, ಅದರ ಮೇಲೆ ಮಾಸಿದ ಪೆನ್ಸಿಲ್ ಗೀಚು.

ಹದಿನೈದು ದಿನದಲ್ಲಿ ಗ್ರಂಥಾಲಯದ ಕಾರ್ಯದರ್ಶಿಗಳು ಸಂಗ್ರಹ ನೋಡಲು ಬರುವವರಿದ್ದರು. ನನಗೆ ಕಪಾಟು ಚೆಂದ ಕಾಣಬೇಕಿತ್ತು. ಅಂಚು ಕತ್ತರಿಸಿ ನೀಟಾಗಿ ಬೈಂಡ್ ಮಾಡಿ ಅಂದೆ. ರಟ್ಟಜ್ಜ ಪುಟವನ್ನು ಕಣ್ಣಿನ ಹತ್ತಿರ ಹಿಡಿದು, ಇಲ್ಲಿ ಏನೋ ಬರೆದಿದ್ದಾರಲ್ಲ ತಾಯಿ ಅಂದ. ಯಾರೋ ಕೈಗೆ ಬಂದ ಹಾಗೆ ಗೀಚಿದ್ದು, ನಿಮಗೆ ಹೇಳಿದಷ್ಟು ಮಾಡಿ ಅಂದುಬಿಟ್ಟೆ. ಅವನು "ಆಯ್ತು ಮೇಡಂ" ಅಂದು ಕಟಿಂಗ್ ಮಷೀನಿನ ಹತ್ತಿರ ಹೋದ.

ಬೈಂಡು ಮಾತ್ರ ಕಣ್ಣಿಗೆ ಹಬ್ಬದ ಹಾಗಿತ್ತು. ಹನ್ನೊಂದು ಸಂಪುಟ, ಅಳೆದಿಟ್ಟ ಹಾಗೆ ಸಮನಾದ ಅಂಚು. ಕಾರ್ಯದರ್ಶಿಗಳು ಹೊಗಳಿದರು, ನಾನೂ ಉಬ್ಬಿಹೋದೆ.

ಆರು ತಿಂಗಳಾದ ಮೇಲೆ ಒಂದು ಮಂಗಳವಾರ ಒಬ್ಬ ಹೆಂಗಸು ಬಂದಳು. ಐವತ್ತಾರು ವಯಸ್ಸು, ಕೊರಳಲ್ಲಿ ಅಳತೆಯ ಟೇಪು. ಪೇಟೆಯಲ್ಲಿ ಟೈಲರ್ ಅಂಗಡಿ ಇದೆ, ವಾರದ ರಜೆ ನೋಡಿಕೊಂಡು ಬಂದೆ ಅಂದಳು. ಹುಟ್ಟಿದ್ದು ಆ ಪತ್ರಿಕೆಯ ಊರಿನಲ್ಲಂತೆ. ಒಂದೂಕಾಲು ವರ್ಷದ ಕೂಸಾಗಿದ್ದಾಗ ತಾಯಿ ತೀರಿಕೊಂಡರು. ಒಂದು ಫೋಟೋ ಇಲ್ಲ, ಒಂದು ಕಾಗದ ಇಲ್ಲ. ಸಾಕಿದವಳು ಸೋದರತ್ತೆ. ಕೆಟ್ಟವಳೇನಲ್ಲ, ಆದರೆ ಒಂದು ಮಾತು ಯಾವಾಗಲೂ ಹೇಳುತ್ತಿದ್ದಳಂತೆ, ನೀನು ಹುಟ್ಟಿದ ಮೇಲೆ ನಿಮ್ಮಮ್ಮ ಹಾಸಿಗೆ ಹಿಡಿದಳು, ಅವಳು ನಕ್ಕಿದ್ದನ್ನು ನಾನು ಆಮೇಲೆ ನೋಡಲೇ ಇಲ್ಲ ಅಂತ.

"ಅದೊಂದು ಮಾತು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿದೆ ಮೇಡಂ. ಅಮ್ಮನ ನಗು ಕಿತ್ಕೊಂಡು ಹುಟ್ಟಿದವಳು ನಾನು ಅಂತ ಅಂದ್ಕೊಂಡೇ ಇಷ್ಟು ವರ್ಷ ಆಯ್ತು" ಅಂದಳು ಟೈಲರಮ್ಮ. ಊರಿನ ಒಬ್ಬ ಮುದುಕಿ ಮೊನ್ನೆ ಸಿಕ್ಕಿ, ನಿಮ್ಮಮ್ಮ ಮೇಷ್ಟ್ರ ಪತ್ರಿಕೆಯ ಅಂಚಿನಲ್ಲಿ ತಪ್ಪದೆ ಬರೆಯುತ್ತಿದ್ದಳು, ಕಾಯಿಲೆ ಬಿದ್ದ ಮೇಲೂ ಬರೆಯುತ್ತಿದ್ದಳು ಅಂದಳಂತೆ. ಪತ್ರಿಕೆಯಲ್ಲಿ ಬರೆಯುವ ಹೆಂಗಸರು ಯಾರೂ ಹೆಸರು ಹಾಕುತ್ತಿರಲಿಲ್ಲ, ಮನೆಯ ಗುರುತು ಬರೆಯುತ್ತಿದ್ದರು. ತಾಯಿ ಬರೆಯುತ್ತಿದ್ದದ್ದು 'ನೀಲಿ ಬಾಗಿಲಿನ ಸೊಸೆ' ಅಂತ.

ಏನು ಮಾಡಲಿ, ಸಂಪುಟ ತಂದು ಮೇಜಿನ ಮೇಲಿಟ್ಟೆ. ಆಕೆ ಪುಟ ತಿರುವಿದಳು, ಮತ್ತೆ ತಿರುವಿದಳು. ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದಳು.

"ಒಳಗೆ ಹೊಲಿಗೆಗೆ ಅಂತ ಒಂದಿಷ್ಟೂ ಬಟ್ಟೆ ಬಿಡದೆ ಕತ್ತರಿಸಿದ್ದಾರಲ್ಲ" ಅಂದಳು. "ಯಾರು ಕತ್ತರಿಸಿದ್ದು?"

ಮೂಲೆಯಲ್ಲಿ ಅಂಟು ಕಲಸುತ್ತಿದ್ದ ರಟ್ಟಜ್ಜ ಕೈ ಒರೆಸಿಕೊಂಡು ಎದ್ದು ಬಂದ. "ನಾನಮ್ಮ. ಈ ಕೈಯಲ್ಲೇ ಕತ್ತರಿಸಿದ್ದು" ಅಂದ. ಅಷ್ಟೇ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಒಂದು ಸೂಜಿ ಕಳೆದುಹೋದರೂ ನನ್ನ ಮೇಲೆ ಹರಿಹಾಯುತ್ತಿದ್ದ ಮನುಷ್ಯ ಅವನು. ನಾನು ಹೇಳಿದೆನಲ್ಲ, ನೀನು ಕೇಳಲಿಲ್ಲವಲ್ಲ ಎನ್ನಲು ಅದಕ್ಕಿಂತ ಒಳ್ಳೆಯ ಸಮಯ ಬೇಕಿತ್ತೇ? ಅವನು ಅನ್ನಲಿಲ್ಲ. ಆವತ್ತೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ನಾಚಿಕೆಯಿಂದ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜ ಇಲ್ಲೇನೋ ಬರೆದಿದ್ದಾರೆ ಅಂದಿದ್ದರು, ಕತ್ತರಿಸಿ ಅಂದವಳು ನಾನು ಅಂತ ಟೈಲರಮ್ಮನಿಗೆ ಹೇಳಿದೆ. ಆಕೆ ಚೀಲ ಎತ್ತಿಕೊಂಡು ಹೊರಟಳು. ಬೈದಿದ್ದರೆ ವಾಸಿಯಿತ್ತು.

"ಕೂತ್ಕೋ ತಾಯಿ" ಅಂದ ರಟ್ಟಜ್ಜ. ಮೊದಲು ನನಗೆ ಅಂದನೇನೋ ಅಂದುಕೊಂಡೆ. ಅವನು ಅಂದದ್ದು ಆಕೆಗೆ.

ಕತ್ತರಿಸಿದ ಪಟ್ಟಿಗಳನ್ನು ಅವನು ಎಸೆದಿರಲಿಲ್ಲ. ಪುಸ್ತಕದ ಬೆನ್ನಿಗೆ, ರಟ್ಟಿನ ಒಳಗೆ, ಗಟ್ಟಿ ಬರಲೆಂದು ಕಾಗದದ ಪಟ್ಟಿ ಅಂಟಿಸುವುದು ಬೈಂಡರುಗಳ ವಾಡಿಕೆ. ಆ ಹಳೆಯ ಕಾಗದ ಒಳ್ಳೆಯ ನಾರಿನದು, ಹಾಳು ಮಾಡಲು ಮನಸ್ಸು ಬಾರದೆ ಆಮೇಲೆ ಬೈಂಡ್ ಮಾಡಿದ ಪುಸ್ತಕಗಳ ಬೆನ್ನಿಗೆಲ್ಲ ಅದನ್ನೇ ಹಾಕಿದ್ದನಂತೆ. ಅಂದರೆ ಆ ಊರಿನವರ ಮಾತೆಲ್ಲ ನಮ್ಮ ಕಪಾಟಿನಲ್ಲೇ, ಬೇರೆ ಬೇರೆ ಪುಸ್ತಕಗಳ ಬೆನ್ನಿನೊಳಗೆ ಕೂತಿತ್ತು. ಯಾವ ಪಟ್ಟಿ ಯಾವುದರಲ್ಲಿ ಎಂದು ಮಾತ್ರ ಅವನಿಗೂ ಗೊತ್ತಿಲ್ಲ. ರಿಜಿಸ್ಟರು ನೋಡಿದೆ. ಆ ಆರು ತಿಂಗಳಲ್ಲಿ ಬೈಂಡ್ ಆದವು ಅರವತ್ತೊಂದು.

"ಬಿಚ್ಚೋಣ" ಅಂದ.

ಅರವತ್ತೊಂದೂ ಅವನ ಕೈಯ ಕೆಲಸ. ಆಗಲೇ ಬಲಗೈ ನಡುಗಲು ಶುರುವಾಗಿತ್ತು, ಇನ್ನೊಂದು ವರ್ಷ ಮಾಡಿದರೆ ಹೆಚ್ಚು ಅಂತ ಅವನೇ ಹೇಳುತ್ತಿದ್ದ. ಅದೇ ಅವನ ಕೊನೆಯ ಒಳ್ಳೆಯ ಕೆಲಸ ಎಂದು ನನಗೂ ಗೊತ್ತಿತ್ತು. ಅಜ್ಜಾ, ಇನ್ನೊಮ್ಮೆ ಯೋಚನೆ ಮಾಡಿ ಅಂದೆ. ಯೋಚನೆ ಮಾಡಿದ್ದಾಯಿತು, ಸಿಕ್ಕರೂ ಸಿಗದಿದ್ದರೂ ಅರವತ್ತೊಂದನ್ನೂ ಬಿಚ್ಚುತ್ತೇನೆ, ಉಳಿದ ಮನೆಗಳವರೇನು ಪಾಪ ಮಾಡಿದ್ದರು ಎಂದು ನನ್ನನ್ನೇ ಗದರಿಸಿದ. ಕಾರ್ಯದರ್ಶಿಗಳಿಗೆ ನಾನೇ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹದಿನೈದು ನಿಮಿಷ ಬೈಸಿಕೊಂಡೆ, ಒಪ್ಪಿಗೆಯನ್ನೂ ತಂದೆ.

ಆಮೇಲಿನ ಮಂಗಳವಾರಗಳೆಲ್ಲ ನಾವು ಮೂವರೂ ಒಂದೇ ಮೇಜಿಗೆ ಕೂತೆವು. ರಟ್ಟಜ್ಜ ರಟ್ಟು ಬಿಡಿಸಿ ಬೆನ್ನಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದ. ಹತ್ತು ನಿಮಿಷಕ್ಕೆ ಮೈದಾ ಅಂಟು ಮೆತ್ತಗಾಗಿ ಪಟ್ಟಿ ಮೇಲೇಳುತ್ತಿತ್ತು. ನಾನು ಹೊಗಳಿದ ಬಿಳಿ ಗೋಂದು ಹಾಕಿದ್ದರೆ ಕಥೆ ಮುಗಿದ ಹಾಗೇ. ಪಟ್ಟಿ ಬಿಡಿಸುವ ಕೆಲಸವನ್ನು ಟೈಲರಮ್ಮ ತಾನೇ ತೆಗೆದುಕೊಂಡಳು. ಹೊಲಿಗೆ ಬಿಚ್ಚಿ ಬಿಚ್ಚಿ ಪಳಗಿದ ಕೈ, ಒಂದು ಎಳೆ ಹರಿಯಲಿಲ್ಲ. ನಾನು ಪಟ್ಟಿಗಳನ್ನು ಒಣಗಿಸಿ ಓದುತ್ತಿದ್ದೆ. ಬರೆದದ್ದು ಪೆನ್ಸಿಲಿನಲ್ಲಿ, ಹಾಗಾಗಿ ನೀರಿಗೆ ಅಳಿಸಿರಲಿಲ್ಲ.

ಎಂಥ ಜನ ಅಂತೀರಿ ಅವರು! 'ಈ ಕಥೆ ಹೋದ ವರ್ಷವೂ ಬಂದಿತ್ತು, ನಮಗೇನು ಮರೆವಿನ ಕಾಯಿಲೆಯೇ?' ಎಂದು ಮೂಲೆಮನೆಯವರು. 'ಬೆಳಗಿನ ಸೊಬಗಿನ ಬಗ್ಗೆ ಪದ್ಯ ಬರೆದವರು ಎಂಟು ಗಂಟೆಗೆ ಮುಂಚೆ ಎದ್ದದ್ದನ್ನು ಕಂಡವರಿಲ್ಲ' ಎಂದು ಬಾವಿಕಟ್ಟೆಯ ಮನೆಯವರು. ಓದಿ ಓದಿ ನಮಗೂ ಆ ಬೀದಿಯ ಬಳಕೆಯಾಗಿಬಿಟ್ಟಿತು. ನಾನು ಗೀಚು ಅಂದದ್ದು ಇದನ್ನು.

ಇಪ್ಪತ್ತನೆಯ ಪುಸ್ತಕದಲ್ಲಿ ನೀಲಿ ಬಾಗಿಲಿನ ಸೊಸೆ ಸಿಕ್ಕಳು. 'ಮೇಷ್ಟ್ರೇ, ನಿಮ್ಮ ಕಥೆಯ ನಾಯಕಿ ಬಹಳ ಅಳುತ್ತಾಳೆ. ಅವಳಿಗೆ ಏನಾದರೂ ಕೆಲಸ ಕೊಡಿ.' ಟೈಲರಮ್ಮ ಆ ಅಕ್ಷರಗಳನ್ನು ಸವರಿ, ಇದು ನನಗಿಂತ ಮುಂಚಿನದು ಇರಬೇಕು ಅಂದಳು. ಇನ್ನೂ ನಾಲ್ಕು ಸಿಕ್ಕವು, ಎಲ್ಲ ಚುರುಕು ಮಾತೇ. ಆದರೆ ಅವು ಮಗಳು ಹುಟ್ಟುವ ಮುಂಚಿನವೋ ಆಮೇಲಿನವೋ ಹೇಳುವುದು ಹೇಗೆ? ಪ್ರತಿಸಲ ಆಕೆಯ ಮುಖ ಅರಳಿ, ಮತ್ತೆ ಮುದುಡುತ್ತಿತ್ತು. ಪಟ್ಟಿಗಳು ಮುಗಿಯುತ್ತ ಬಂದ ಹಾಗೆ ನಾನು ಉಳಿದ ಪುಸ್ತಕಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದೆ.

ಏಳನೆಯ ಮಂಗಳವಾರ, ಐವತ್ತೆಂಟನೆಯ ಪುಸ್ತಕ. ಪಟ್ಟಿ ಒಣಗುವವರೆಗೂ ಕಾಯದೆ ಓದಿದೆ. ಮುಂದೆ ಓದಲಾಗದೆ ಅದನ್ನು ಆಕೆಯ ಕೈಗೇ ಕೊಟ್ಟೆ. ಅಕ್ಷರ ಸ್ವಲ್ಪ ಸೊಟ್ಟ, ಮಲಗಿಕೊಂಡು ಬರೆದ ಹಾಗೆ.

'ಕೊಡೆಯ ಪದ್ಯ ಓದಿ ನಕ್ಕೂ ನಕ್ಕೂ ಸಾಕಾಯಿತು. ಪಕ್ಕದಲ್ಲಿ ಮಲಗಿದ್ದ ಮಗಳು ಎದ್ದುಬಿಟ್ಟಳು. ಇನ್ನು ಅಳುತ್ತಾಳೆ ಅಂದುಕೊಂಡೆ, ಇಲ್ಲ, ನನ್ನ ಮುಖ ನೋಡಿ ತಾನೂ ನಕ್ಕಳು. ಇನ್ನೊಂದು ಬೇಗ ಬರೆಯಿರಿ ಮೇಷ್ಟ್ರೇ, ಇಲ್ಲಿ ಇಬ್ಬರು ಕಾಯುತ್ತಿದ್ದೇವೆ. ನೀಲಿ ಬಾಗಿಲಿನ ಸೊಸೆ.'

ಆ ತಾಯಿಗೆ ಇದ್ದದ್ದು ಒಬ್ಬಳೇ ಮಗಳು.

ಟೈಲರಮ್ಮ ಪಟ್ಟಿಯನ್ನು ಎರಡು ಸಲ ಓದಿದಳು. ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ರಟ್ಟಜ್ಜ ಒದ್ದೆ ಬಟ್ಟೆಯನ್ನು ಸುಮ್ಮನೆ ಹಿಂಡುತ್ತ ಕೂತಿದ್ದ. ಆಮೇಲೆ ಆಕೆ ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಅಜ್ಜಾ, ಇಬ್ಬರು ಅಂತ ಬರ್ದಿದ್ದಾಳೆ" ಅಂದಳು.

"ಹೂಂ ತಾಯಿ, ಇಬ್ಬರು" ಅಂದ ಅವನು.

ಆ ಕೊಡೆಯ ಪದ್ಯ ಇದೆಯಾ ಎಂದು ಆಕೆ ನನ್ನನ್ನು ಕೇಳಿದಳು. ಇಲ್ಲದೆ ಏನು, ಸಂಪುಟದಲ್ಲಿ ಭದ್ರವಾಗಿತ್ತು. ತೆಗೆದು ಗಟ್ಟಿಯಾಗಿ ಓದಿದೆ.

ಮಳೆಯಲಿ ಬಿಚ್ಚದು, ಬಿಸಿಲಲಿ ಮುಚ್ಚದು,
ನನ್ನಯ ಕೊಡೆಯಿದು ಯಾರನೂ ಮೆಚ್ಚದು.
ಹೆಂಡತಿ ಹಿಡಿದರೆ ಹೂವಂತರಳಿತು,
ನಾ ಕೈಯಿಟ್ಟರೆ ಮೂಗನೆ ಕಚ್ಚಿತು.

ದೊಡ್ಡ ಪದ್ಯವೇನಲ್ಲ, ಮೇಷ್ಟ್ರು ಇದ್ದಿದ್ದರೆ ಅವರೂ ಒಪ್ಪುತ್ತಿದ್ದರು. ಆದರೆ ಎರಡನೆಯ ಸಾಲಿಗೇ ಟೈಲರಮ್ಮನ ಭುಜ ಕುಲುಕಲು ಶುರುವಾಯಿತು, ಮೂಗು ಕಚ್ಚುವ ಹೊತ್ತಿಗೆ ಆಕೆ ಮೇಜು ಹಿಡಿದುಕೊಂಡು ನಗುತ್ತಿದ್ದಳು. ಅದನ್ನು ನೋಡಿ ರಟ್ಟಜ್ಜ ನಕ್ಕ, ನಾನೂ ನಕ್ಕೆ. ನಮಗೆ ಅದು ಹೊಸ ಪದ್ಯ. ಆಕೆ ಮಾತ್ರ ಅದಕ್ಕೆ ನಗುತ್ತಿದ್ದದ್ದು ಎರಡನೆಯ ಸಲ.