ನಾದಿನಿಯ ಗೋಡೆಗಳು, ನನ್ನ ಹೊಟ್ಟೆಕಿಚ್ಚು

ಮೂರು ತಿಂಗಳ ಹಿಂದೆ ನಾನೊಂದು ಕಾಗದ ಬಚ್ಚಿಟ್ಟೆ. ನನ್ನದಲ್ಲ, ಇನ್ನೊಬ್ಬರದು. ಒಂದೆರಡು ದಿನವೂ ಅಲ್ಲ. ಒಂಬತ್ತು ದಿನ.

ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವವಳು ನಾನು. ಕ್ಲಾಸಿನಲ್ಲಿ ಯಾರದಾದರೂ ರಬ್ಬರ್ ಕಾಣೆಯಾದರೆ ಅರ್ಧ ಗಂಟೆ ಪ್ರಾಮಾಣಿಕತೆಯ ಭಾಷಣ ಬಿಗಿಯುತ್ತೇನೆ. ಅಂಥವಳು ಮಾಡುವ ಕೆಲಸವೇ ಇದು? ಅಲ್ಲ. ಆದರೂ ಮಾಡಿದೆ. ಸ್ಟಾಫ್ ರೂಮಿನ ನನ್ನ ಅಲಮಾರಿನಲ್ಲಿ, ಡ್ರಾಯಿಂಗ್ ಶೀಟುಗಳ ಕಟ್ಟಿನ ಅಡಿಗೆ, ವಿದೇಶದ ಅಂಚೆಚೀಟಿಯ ಆ ಕವರನ್ನು ತಳ್ಳಿ ಬೀಗ ಹಾಕಿದೆ. ಬೀಗದ ಕೈ ಪರ್ಸಿಗೆ ಹಾಕಿಕೊಂಡು ಏಳನೇ ಕ್ಲಾಸಿಗೆ ಹೋಗಿ ಮಾವಿನಹಣ್ಣು ಬರೆಸಿದೆ.

ಕಾಗದ ನನ್ನ ನಾದಿನಿ ಸರೋಜಳದು. ನನ್ನ ತಮ್ಮ ರಾಮಲಿಂಗನ ಹೆಂಡತಿ.

ರಾಮಲಿಂಗ ಗೋಡೆ ಬರೆಯುವವನು. ಹತ್ತು ವರ್ಷದ ಹಿಂದೆ ಕೊಯಮತ್ತೂರಿನಿಂದ ತಿರುಪೂರಿಗೆ ಬಸ್ಸಿನಲ್ಲಿ ಹೋದವರು ಅವನ ಕೈಬರಹ ನೋಡದೆ ಇಳಿಯುವ ಹಾಗಿರಲಿಲ್ಲ. ಬನಿಯನ್, ಪಂಪ್‌ಸೆಟ್, ಹಲ್ಲುಪುಡಿಯ ಜಾಹೀರಾತು. ಎಲೆಕ್ಷನ್ ಬಂದರೆ ಎರಡೂ ಪಾರ್ಟಿಗಳ ಚಿಹ್ನೆ (ಒಮ್ಮೊಮ್ಮೆ ಒಂದೇ ಗೋಡೆಯ ಎರಡು ಬದಿಗೆ). ಏಳು ವರ್ಷದ ಹಿಂದೆ ಕುರಿಚಿಯಲ್ಲಿ ಒಂದು ಕಾಂಪೌಂಡ್ ಗೋಡೆಗೆ ಪಂಪ್‌ಸೆಟ್ ಬರೆಯುತ್ತಿದ್ದಾಗ, ನಿಲ್ಲಲು ಕಟ್ಟಿದ್ದ ಬೊಂಬಿನ ಸಾರುವೆಯ ಹಗ್ಗ ಜಾರಿ ಬಿದ್ದ. ಭುಜದ ಮೂಳೆ ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು, ಆದರೆ ಬಲಗೈ ಕಿವಿಯ ಮೇಲಕ್ಕೆ ಏಳುವುದಿಲ್ಲ. ಗೋಡೆ ಬರೆಯುವವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ?

ಅರ್ಧ ಗೋಡೆ ಬಾಕಿ ಇತ್ತು. ಸರೋಜ ಗಂಡನ ಹಳೇ ಶರ್ಟು ಸೀರೆಯ ಮೇಲೆ ತೊಟ್ಟುಕೊಂಡು ಸಾರುವೆ ಹತ್ತಿದಳು. ಅದುವರೆಗೆ ಬಣ್ಣ ಕಲಸಿಕೊಡುತ್ತಿದ್ದವಳು ಅಷ್ಟೆ. ಮಗ್ಗದ ಮನೆಯಲ್ಲಿ ಹುಟ್ಟಿದವಳು, ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಪಂಪ್‌ಸೆಟ್ ಬರೆದು ಮುಗಿಸಿದಳು. ಮೂಲೆಯಲ್ಲಿ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿ ಶಿಫ್ಟ್ ಬಿಟ್ಟು ಮನೆಗೆ ಹೊರಟ ಮಿಲ್ಲಿನ ಹೆಂಗಸರನ್ನು ಬರೆದಳು. ಸಾಲಾಗಿ ಹನ್ನೊಂದು ಜನ. ಒಬ್ಬಳ ತಲೆಗೂದಲಲ್ಲಿ ಹತ್ತಿಯ ತುಣುಕು. ಒಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದಾಳೆ. ಪಂಪ್‌ಸೆಟ್ ಯಾರೂ ನೋಡಲಿಲ್ಲ. ಬಸ್ ನಿಲ್ಲಿಸಿ ಆ ಹೆಂಗಸರನ್ನು ನೋಡಿದರು.

ಹಾಗೆ ನೋಡಿದವರಲ್ಲಿ ಮದರಾಸಿನ ಕಲಾ ಕಾಲೇಜಿನ ಮೇಷ್ಟ್ರೊಬ್ಬರು ಇದ್ದರು. ಫೋಟೋ ತೆಗೆದರು. ಮರುವರ್ಷ ಮದರಾಸಿನ ಕಲಾಮೇಳದಲ್ಲಿ ಒಂದು ಗೋಡೆ ಕೊಟ್ಟರು. ಆಮೇಲೆ ತಿರುವನಂತಪುರ. ಆಮೇಲೆ ಬರೋಡಾ, ಭೋಪಾಲ್, ಕಲ್ಕತ್ತ. ವರ್ಷಕ್ಕೆ ಎರಡು ಮೂರು ಮೇಳ. ಪ್ರತಿ ಊರಿನಲ್ಲೂ ಒಂದು ಗೋಡೆ. ಟ್ರೇನ್ ಟಿಕೆಟ್ ಅವರದೇ.

ಮತ್ತು ನಾನು? ನಾನು ಡಿಪ್ಲೊಮಾ ಮಾಡಿದವಳು. ಫಸ್ಟ್ ಕ್ಲಾಸ್. ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಹೂಕುಂಡ ಬರೆಯುತ್ತಿದ್ದೇನೆ. ನಾನು ಕಂಡ ಅತಿ ದೂರದ ಊರು ಮೈಸೂರು. ಅದೂ ಶಾಲೆಯ ಟೂರ್. ಅಲ್ಲಿ ಅರಮನೆಗಿಂತ ಹೆಚ್ಚು ಹೊತ್ತು ನೋಡಿದ್ದು ಹುಡುಗಿಯರ ತಲೆಗಳನ್ನು, ಯಾವಳೂ ತಪ್ಪಿಸಿಕೊಳ್ಳಬಾರದಲ್ಲ!

ಸರೋಜಳಿಗೆ ಇಂಗ್ಲಿಷ್ ಬಾರದು. ಹಾಗಾಗಿ ಮೇಳದವರ ಕಾಗದಗಳೆಲ್ಲ ನನ್ನ ಶಾಲೆಯ ವಿಳಾಸಕ್ಕೆ ಬರುತ್ತಿದ್ದವು. ನಾನು ಓದಿ ಹೇಳುವುದು, ನಾನೇ ಉತ್ತರ ಬರೆಯುವುದು. ಕೆಳಗೆ ಆಕೆ ತಮಿಳಿನಲ್ಲಿ ಸಹಿ ಹಾಕುವುದು. ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಯಾರು ಕರೆದುಕೊಂಡು ಹೋಗಲು ಬರುತ್ತಾರೆ, ಗೋಡೆ ಎಷ್ಟು ಉದ್ದ, ಎಷ್ಟು ಎತ್ತರ, ಎಲ್ಲ ನನಗೆ ಆಕೆಗಿಂತ ಮೊದಲೇ ಗೊತ್ತು. ಗೊತ್ತಿದ್ದು ಏನು ಪ್ರಯೋಜನ? ಟ್ರೇನ್ ಹತ್ತುವವಳು ಆಕೆ.

ಹೋಗಿ ಬಂದ ಮೇಲೆ ಇನ್ನೊಂದು ಹಿಂಸೆ. ಸಿಂಗಾನಲ್ಲೂರಿನ ನಮ್ಮ ಮನೆಗೆ ಬಂದು, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕಥೆ ಹೇಳುತ್ತಾಳೆ. ಭೋಪಾಲಿನಲ್ಲಿ ಪಕ್ಕದ ಗೋಡೆ ಬರೆಯುತ್ತಿದ್ದ ಬಿಹಾರದ ಮುದುಕಿ ದಿನಾ ಎಲೆಅಡಿಕೆ ಕೊಡುತ್ತಿದ್ದಳಂತೆ. ಇವಳಿಗೆ ಹಿಂದಿ ಬಾರದು, ಅವಳಿಗೆ ತಮಿಳೂ ಕನ್ನಡವೂ ಬಾರದು. ಹತ್ತು ದಿನ ಇಬ್ಬರೂ ನಕ್ಕೇ ಮಾತಾಡಿದರಂತೆ. ಕಲ್ಕತ್ತದಲ್ಲಿ ಟ್ರಾಮ್ ಓಡಿಸುವವನು ಇವಳು ಬರೆಯುವುದನ್ನು ನೋಡುತ್ತ ಟ್ರಾಮ್ ನಿಲ್ಲಿಸಿಬಿಟ್ಟನಂತೆ. ನಾನು ದೋಸೆ ಮಗುಚುತ್ತ "ಹೌದಾ?" ಅನ್ನುತ್ತೇನೆ. ದೋಸೆ ಸೀಯುತ್ತದೆ.

ಒಮ್ಮೆ ಕೇಳಿದಳು. "ಅತ್ತಿಗೆ, ಪರ್ಸ್‌ಪೆಕ್ಟಿವ್ ಅಂದ್ರೆ ಏನು? ಬರೋಡಾದಾಗೆ ಒಬ್ಬರು ನನ್ನ ಚಿತ್ರದಾಗೆ ಅದು ಇಲ್ಲ ಅಂದ್ರು."

ಆಹಾ, ಬಂದೆಯಾ ದಾರಿಗೆ! ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ರೈಲು ಹಳಿ ಬರೆದು, ದೂರದ ಬಿಂದು ಗುರುತಿಸಿ, ಅರ್ಧ ಗಂಟೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.

"ಓ, ದೂರ ಇರೋದು ಚಿಕ್ಕದಾಗಿ ಕಾಣ್ತದೆ ಅನ್ನೋದಾ? ನಾನು ಹಂಗೆ ಬರೆಯಲ್ಲ ಅತ್ತಿಗೆ. ನಮ್ಮವ್ವ ಎಷ್ಟು ದೂರದಿಂದ ಬಂದ್ರೂ ನಂಗೆ ದೊಡ್ಡದಾಗೇ ಕಾಣ್ತಿದ್ಲು."

ಈ ಮಾತು ನನಗೇಕೆ ಹೊಳೆಯಲಿಲ್ಲ? ಡಿಪ್ಲೊಮಾ ಯಾರದು?

ಈಗ ಆ ಕಾಗದಕ್ಕೆ ಬರುತ್ತೇನೆ. ಬಂದದ್ದು ಜರ್ಮನಿಯಿಂದ. ಊರಿನ ಹೆಸರು ನನಗೇ ಉಚ್ಚರಿಸಲು ಬರಲಿಲ್ಲ. ಅಲ್ಲಿ ಬೀದಿ ಚಿತ್ರಕಾರರ ಮೇಳ. ಬೇರೆ ಬೇರೆ ದೇಶದವರು ಬರುತ್ತಾರೆ. ಕಲ್ಕತ್ತದಲ್ಲಿ ನಿಮ್ಮ ಗೋಡೆ ನೋಡಿದ್ದೇವೆ, ಬಂದು ನಮ್ಮ ಊರಿನ ಒಂದು ಗೋಡೆ ಬರೆಯಿರಿ, ಒಪ್ಪಿಗೆಯನ್ನು ತಿಂಗಳ ಕೊನೆಯೊಳಗೆ ತಿಳಿಸಿ. ಇಷ್ಟು.

ವಿಮಾನ. ವಿಮಾನದ ಫೋಟೋ ಬಿಟ್ಟು ಬೇರೇನೂ ಕಾಣದ ನಾನು ಅದನ್ನು ಮೂರು ಸಲ ಓದಿದೆ. ಅಲಮಾರಿಗೆ ತಳ್ಳಿದೆ.

ಮೊದಲ ದಿನ ಅಂದುಕೊಂಡದ್ದು, 'ಭಾನುವಾರ ಹೇಗೂ ಬರುತ್ತಾಳೆ, ಕೊಟ್ಟರಾಯಿತು.' ಭಾನುವಾರ ಬಂದಳು. "ಕಡುದಾಸಿ, ಕವರು ಏನಾದ್ರೂ ಬಂತಾ ಅತ್ತಿಗೆ? ಕಲ್ಕತ್ತದಾಗೆ ಒಬ್ಬರು ಬರೀತೀನಿ ಅಂದಿದ್ರು" ಎಂದಳು.

"ಇಲ್ಲ" ಅಂದೆ.

ಎಷ್ಟು ಸಲೀಸು! ನಾಲಿಗೆ ತಡವರಿಸಲೂ ಇಲ್ಲ. ಆಕೆ ತಲೆಯಾಡಿಸಿ, ನನ್ನ ಮೊಣಕಾಲು ನೋವಿಗೆ ತಂದಿದ್ದ ಎಣ್ಣೆಯ ಸೀಸೆ ಕೊಟ್ಟು ಹೋದಳು. ಆ ಎಣ್ಣೆ ಹಚ್ಚಿಕೊಂಡೆ. (ಮೊಣಕಾಲಿಗೆ ಒಳ್ಳೆಯದಾಯಿತು. ಅದೂ ಒಂದು ಸಿಟ್ಟು.)

ಎಂಟನೇ ದಿನ ರಾಮಲಿಂಗ ಶಾಲೆಯ ಹತ್ತಿರ ಸಿಕ್ಕ. ಬ್ರಷ್ ಕೊಳ್ಳಲು ಬಂದಿದ್ದ. ಅವಳ ಬ್ರಷ್. ಟೀ ಕುಡಿಯುತ್ತ ತಡೆಯಲಾರದೆ ಕೇಳಿದೆ.

"ನಿನ್ನ ಕೆಲಸ ಅವಳು ಮಾಡ್ತಾಳೆ. ನಿನ್ನ ಹೆಸರು ಯಾರಿಗೂ ನೆನಪಿಲ್ಲ. ಅವಳು ಊರೂರು ಸುತ್ತುತಾಳೆ, ನೀನು ಡಬ್ಬ ತೊಳೀತೀಯ. ನಿನಗೆ ಏನೂ ಅನ್ನಿಸಲ್ವೇನೋ?"

ಅವನು ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ಅನ್ನಿಸ್ತದೆ ಅಕ್ಕ. ಮೊದಲನೇ ವರ್ಷ ಅವಳು ಸಾರುವೆ ಹತ್ತೋವಾಗ, ಇವಳೂ ಬಿದ್ದೋಗ್ಲಿ ಅಂತ ಅನ್ನಿಸಿತ್ತು. ಒಂದಿನ ಅಲ್ಲ, ದಿನಾ."

"ಆಮೇಲೆ?"

"ಆಮೇಲೆ ಏನು? ಹಂಗೆ ಅನ್ನಿಸ್ತಾನೇ ಹಗ್ಗ ಬಿಗಿಯಾಗಿ ಕಟ್ಟಿದೆ."

ಟೀ ಲೋಟ ಇಟ್ಟು ಬಸ್ಸಿಗೆ ಓಡಿದ.

ಮಾರನೇ ದಿನ ರಜೆ ಹಾಕಿದೆ. ಶಾಲೆಯ ಅಲಮಾರಿನಿಂದ ಕವರ್ ತೆಗೆದುಕೊಂಡು ತಿರುಪೂರಿನ ಬಸ್ ಹತ್ತಿದೆ. ಸರೋಜ ಅಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಒಂದು ಬನಿಯನ್ ಗೋಡೌನಿನ ಗೋಡೆ ಬರೆಯುತ್ತಿದ್ದಳು. ದಾರಿಯುದ್ದಕ್ಕೂ ಸುಳ್ಳು ತಯಾರು ಮಾಡಿಕೊಂಡೆ. ಪೋಸ್ಟ್ ತಡವಾಯಿತು. ಪ್ಯೂನ್ ಕೊಡಲು ಮರೆತ. ಪಲ್ಲಡಂ ದಾಟುವಷ್ಟರಲ್ಲಿ ನಾಲ್ಕು ಸುಳ್ಳು ಸಿದ್ಧವಾಗಿದ್ದವು. ಪಾಪದ ಪ್ಯೂನ್ ಎರಡರಲ್ಲಿ ಸಿಕ್ಕಿಬಿದ್ದಿದ್ದ.

ಸರೋಜ ಮೇಲಿದ್ದಳು. ನೀಲಿ ಪುಡಿ ಹಚ್ಚಿದ ದಾರದ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಕೆಳಗೆ ರಾಮಲಿಂಗನ ಕೈಯಲ್ಲಿ. ಬಿಗಿಯಾಗಿ ಎಳೆದು ಟಪ್ ಎಂದು ಬಿಟ್ಟರೆ ಗೋಡೆಯ ಮೇಲೆ ನೆಟ್ಟಗೆ ಗೆರೆ. ನನ್ನನ್ನು ನೋಡಿದ್ದೇ ತಡ ದಡದಡ ಇಳಿದು ಬಂದಳು.

"ಏನಾಯ್ತು ಅತ್ತಿಗೆ? ಯಾರಿಗೆ ಉಷಾರಿಲ್ಲ?"

ನಾನು ಕವರ್ ಕೊಟ್ಟೆ. ಒಳಗೆ ಏನಿದೆ ಎಂದು ಓದಿ ಹೇಳಿದೆ. ಜರ್ಮನಿ ಅಂದಾಗ ಅವಳ ಮುಖ ಅರಳಿತು. ತಿಂಗಳ ಕೊನೆ ಅಂದಾಗ ಬೆರಳು ಮಡಚಿ ದಿನ ಎಣಿಸಿದಳು. ಉಳಿದದ್ದು ಮೂರು.

"ಇದು ಬಂದು ಒಂಬತ್ತು ದಿನ ಆಯ್ತು" ಅಂದೆ.

"ಮರ್ತುಬಿಟ್ರಾ?"

ನೋಡಿ, ಬಾಗಿಲು ತಾನೇ ತೆರೆದುಕೊಟ್ಟಳು. 'ಹೌದಮ್ಮ, ಪರೀಕ್ಷೆ ಗಲಾಟೆ' ಅಂದಿದ್ದರೆ ಮುಗಿದಿತ್ತು. ಯಾಕೋ ಆ ಐದನೇ ಸುಳ್ಳು ಬಾಯಿಗೆ ಬರಲಿಲ್ಲ.

"ಇಲ್ಲ. ಬಚ್ಚಿಟ್ಟಿದ್ದೆ. ಹೊಟ್ಟೆಕಿಚ್ಚು" ಅಂದೆ.

ರಾಮಲಿಂಗ ದಾರ ಸುತ್ತುವುದು ನಿಲ್ಲಿಸಿದ. ಸರೋಜ ಸೀಮೆಎಣ್ಣೆ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡಳು. ಹತ್ತೂ ಬೆರಳು. ಆಮೇಲೆ ಕೇಳಿದ್ದು ಒಂದೇ: "ತಂತಿ ಕೊಟ್ರೆ ಮೂರು ದಿನದಾಗೆ ಹೋಗ್ತದಾ?"

ಹೆಡ್ ಪೋಸ್ಟ್ ಆಫೀಸಿಗೆ ನಡೆದೆವು. ಫಾರಂ ತುಂಬಿದವಳು ನಾನು. ವಾಪಸ್ ವಿಳಾಸ ಎಂಬಲ್ಲಿ ಅಭ್ಯಾಸಬಲದಿಂದ ಶಾಲೆಯ ಹೆಸರು ಬರೆಯಲು ಹೊರಟೆ. ಆಕೆ ಪೆನ್ನಿನ ಮೇಲೆ ಕೈ ಇಟ್ಟಳು.

"ನಮ್ಮ ಮನೆದೇ ಹಾಕಿ ಅತ್ತಿಗೆ."

ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು.

ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಮಾತು ಕೇಳಿದಳು. "ನೀವು ಕಡೇ ಸಲ ಚಿತ್ರ ಬರೆದದ್ದು ಯಾವಾಗ? ಮಕ್ಕಳಿಗೆ ತೋರ್ಸಕ್ಕೆ ಅಲ್ಲ. ನಿಮಗೆ ಅಂತ."

ಯೋಚಿಸಿದೆ. ಮದುವೆಯಾದ ವರ್ಷ ನಮ್ಮ ಕೆರೆಯ ಒಂದು ಜಲವರ್ಣ ಶುರುಮಾಡಿದ್ದೆ. ನೀರು ಬರೆದಿದ್ದೆ, ದಂಡೆ ಬರೆದಿರಲಿಲ್ಲ. ಅದೂ ಎಲ್ಲಿ ಹೋಯಿತೋ. ಆಕೆ ಉತ್ತರಕ್ಕೆ ಕಾಯಲಿಲ್ಲ, ಗೋಡೆಗೆ ಹೊತ್ತಾಗುತ್ತದೆ ಎಂದು ಹೊರಟಳು.

ಬಸ್ಸಿನಲ್ಲಿ ವಾಪಸ್ ಬರುತ್ತ ಮೊದಲು ಬಂದದ್ದು ಕೋಪ. ಐದನೇ ಕ್ಲಾಸಿನವಳು ನನ್ನನ್ನು ಪ್ರಶ್ನೆ ಕೇಳುವುದೇ? ಆಮೇಲೆ ಲೆಕ್ಕ ಹಾಕಿದೆ. ಆಕೆಗೆ ಗೋಡೆ ಕೊಟ್ಟವರು ನನಗೆ ಕೊಡಲಿಲ್ಲ, ಸರಿ. ನಾನು ಕೇಳಿದ್ದೆನೆ? ಯಾರಾದರೂ ಬೇಡ ಅಂದಿದ್ದರೇ? ಇಪ್ಪತ್ತೆರಡು ವರ್ಷದಲ್ಲಿ ಶಾಲೆಯ ಕಾಂಪೌಂಡಿಗೆ ಸುಣ್ಣ ಬಳಿಯುವುದನ್ನು ನೋಡಿದ್ದೇನೆಯೇ ಹೊರತು ಅಲ್ಲೊಂದು ಗುಬ್ಬಚ್ಚಿ ಬರೆಯೋಣ ಅಂತ ಅನ್ನಿಸಿರಲಿಲ್ಲ. ನಮ್ಮ ಹೊಟ್ಟೆಕಿಚ್ಚು ಯಾವಾಗಲೂ ಹೀಗೇ ಅಲ್ಲವೇ? ಪಕ್ಕದವರ ಟಿಕೆಟ್ ಕಾಣುತ್ತದೆ. ಅವರು ಬಿಸಿಲಲ್ಲಿ ಸಾರುವೆಯ ಮೇಲೆ ನಿಂತ ಏಳು ವರ್ಷ ಕಾಣುವುದಿಲ್ಲ.

ಇಷ್ಟು ತಿಳಿದ ಮೇಲೆ ಹೊಟ್ಟೆಕಿಚ್ಚು ಆರಿತೇ? ಖಂಡಿತ ಇಲ್ಲ. ನಿಮಗೆ ಸುಳ್ಳು ಹೇಳಲಾರೆ.

ತಂತಿ ಹೊತ್ತಿಗೆ ಸರಿಯಾಗಿ ತಲುಪಿತು. ಉತ್ತರ ಅವರ ಮನೆಗೇ ಬಂತು. ಈಗ ಅವರ ಬೀದಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಒಬ್ಬ ಹೆಂಗಸು ಕಾಗದ ಓದಿ ಹೇಳುತ್ತಾರಂತೆ. ಪಾಸ್‌ಪೋರ್ಟ್ ಅರ್ಜಿಯನ್ನೂ ಅವರೇ ತುಂಬಿದರಂತೆ. ನನಗೆ ಗೊತ್ತಾದದ್ದೆಲ್ಲ ಈ 'ಅಂತೆ'ಗಳಲ್ಲಿ. ಗೋಡೆ ಎಷ್ಟು ಎತ್ತರ, ಯಾರು ಎದುರುಗೊಳ್ಳುತ್ತಾರೆ, ಒಂದೂ ಗೊತ್ತಿಲ್ಲ. ಆ ಕಾಗದಗಳನ್ನು ಓದುತ್ತಿದ್ದಾಗ ಹೊಟ್ಟೆ ಉರಿಯುತ್ತಿತ್ತು, ನಿಜ. ಆದರೆ ಭೋಪಾಲಿನ ಸ್ಟೇಷನ್ನಿನಲ್ಲಿ ಮನಸ್ಸಿನಲ್ಲೇ ಒಂದು ಸಲ ಇಳಿದೂ ಬಿಡುತ್ತಿದ್ದೆ. ನನ್ನ ಪ್ರವಾಸವೂ ಅದೇ ಆಗಿತ್ತು ಎಂದು ಕಾಗದ ಬರುವುದು ನಿಂತ ಮೇಲೆ ಗೊತ್ತಾಯಿತು. ಈಗ ಆ ಟೈಪಿಂಗ್ ಹೆಂಗಸನ್ನು ಕಂಡರೆ ನನಗೆ ಆಗದು. ಮುಖ ನೋಡಿಲ್ಲ, ಆದರೂ ಆಗದು.

ಹೋದ ಗುರುವಾರ ಮಧ್ಯಾಹ್ನದ ರೈಲಿಗೆ ಸರೋಜ ಮದರಾಸಿಗೆ ಹೊರಟಳು. ಅಲ್ಲಿಂದ ವಿಮಾನ. ಕೊಯಮತ್ತೂರು ಸ್ಟೇಷನ್ನಿಗೆ ನಾನೂ ಹೋಗಿದ್ದೆ. ನನ್ನ ಉಲ್ಲನ್ ಸ್ವೆಟರ್ ಕೊಟ್ಟೆ. ತೆಗೆದುಕೊಂಡಳು, ಕಾಲಿಗೆ ನಮಸ್ಕಾರ ಮಾಡಿದಳು, "ಬತ್ತೀನಿ ಅತ್ತಿಗೆ" ಅಂದಳು. ಎಲ್ಲ ಸರಿಯಾಗಿಯೇ ಇತ್ತು. ಮೊದಲಿನ ಹಾಗೆ ಮಾತ್ರ ಇರಲಿಲ್ಲ. ರಾಮಲಿಂಗ ಎಡಗೈ ಎತ್ತಿ ಟಾಟಾ ಮಾಡುತ್ತ ರೈಲು ಮರೆಯಾಗುವವರೆಗೂ ನಿಂತಿದ್ದ.

ಇದನ್ನೆಲ್ಲ ಬರೆದು ಅಚ್ಚಿಗೆ ಕಳಿಸುವ ಧೈರ್ಯ ಹೇಗೆ ಬಂತು ಎಂದು ನೀವು ಕೇಳಬಹುದು. ಧೈರ್ಯವೇನಲ್ಲ. ನಮ್ಮ ಕಡೆ ಕನ್ನಡ ಮನೆಯೊಳಗಿನ ಮಾತು. ಓದು ಬರಹವೆಲ್ಲ ತಮಿಳು. ನನಗೆ ಅಮ್ಮ ಕನ್ನಡ ಅಕ್ಷರ ಕಲಿಸಿದ್ದರಿಂದ ಈ ಅಂಕಣ. ಸರೋಜಳಿಗೆ ಕನ್ನಡ ಓದಲು ಬಾರದು.

ಆಕೆ ಬಂದ ಮೇಲೆ ಕೂರಿಸಿಕೊಂಡು ಇದನ್ನು ಓದಿ ಹೇಳಬೇಕು ಎಂದುಕೊಂಡಿದ್ದೇನೆ. ಒಂದು ಸಾಲೂ ನುಂಗದೆ ಓದುತ್ತೇನೆಯೇ?