ಅವ್ವ ಆರಿಸಿದ ಪದಗಳು

ಆಗಿನ್ನೂ ಮಹಾರಾಜರ ಕಾಲ. ಹೊಸದುರ್ಗದಲ್ಲಿ ಇಂಗ್ಲಿಷ್ ಬಲ್ಲವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಈಗ ಮೊಮ್ಮಕ್ಕಳು ಬಾಯಿ ತೆರೆದರೆ ಇಂಗ್ಲಿಷೇ. ನನಗಂತೂ ಆ ಭಾಷೆ ಸಾಕಾಗಿ ಹೋಗಿದೆ. ಮೂವತ್ತು ವರ್ಷ ಕಚೇರಿಯಲ್ಲಿ ಅದನ್ನೇ ಗೀಚಿ ಗೀಚಿ ಕೈ ಸೋತಿದೆ. ಆದರೂ ಒಂದು ಸುಗ್ಗಿ ಮಾತ್ರ ಮನಸ್ಸು ಬಿಟ್ಟು ಹೋಗುತ್ತಿಲ್ಲ.

ನನಗಾಗ ಹನ್ನೊಂದು ವರ್ಷ. ನಮ್ಮ ಮೇಷ್ಟ್ರು ಪ್ರತಿ ಶುಕ್ರವಾರ ಬೋರ್ಡಿನ ಮೇಲೆ ಮೂರು ಇಂಗ್ಲಿಷ್ ಅಕ್ಷರ ಬರೆಯುತ್ತಿದ್ದರು. ಆ ಮೂರೂ ಇರುವ ಪದಗಳನ್ನು ಹುಡುಕಿ ಸೋಮವಾರ ತರಬೇಕು. ಅಕ್ಷರಗಳು ಹಿಂದುಮುಂದಾದರೂ ನಡೆಯುತ್ತಿತ್ತು. ಆ ಸಲ ಯಾರದು ಹೆಚ್ಚೋ ಅವನನ್ನು ಚಿತ್ರದುರ್ಗದ ಹೈಸ್ಕೂಲಿಗೆ ಕಳಿಸುವುದೆಂದೂ, ಮಠದಲ್ಲಿ ಊಟ ವಸತಿ ಮಾಡಿಸಿಕೊಡುವುದೆಂದೂ ಮೇಷ್ಟ್ರು ಹೇಳಿದ್ದರು. ಅಪ್ಪನದು ಕೊಬ್ಬರಿ ವ್ಯಾಪಾರ. "ಆಗ್ಲಿಲ್ಲಾಂದ್ರೆ ಸುಮ್ನೆ ಬಂದು ಮಂಡೀಲಿ ಕುಂತ್ಕ" ಎಂದುಬಿಟ್ಟಿದ್ದರು. ಆ ಕೊಬ್ಬರಿಯ ಜಿಡ್ಡು ವಾಸನೆಯಲ್ಲೇ ಜೀವನ ಸವೆಸಬೇಕಲ್ಲ ಎಂದು ನೆನೆದರೇ ನನಗೆ ಅಳು ಬರುತ್ತಿತ್ತು.

ಅಪ್ಪ ಎಲ್ಲಿಂದಲೋ ತಂದ ರಟ್ಟು ಕಿತ್ತ ಡಿಕ್ಷನರಿಯೊಂದು ಮನೆಯಲ್ಲಿತ್ತು. ಶನಿವಾರ ಬೆಳಿಗ್ಗೆ ಅದನ್ನು ಹಿಡಿದು ಜಗಲಿಯ ಮೇಲೆ ಕೂತೆ. ಒಳಗಿಂದ ಅವರೆಕಾಯಿ ಬೇಯುವ ಸೊಗಡು ಬರುತ್ತಿತ್ತು. ಬೀದಿಯಲ್ಲಿ ಹುಡುಗರು ಚಿಣ್ಣಿದಾಂಡು ಆಡುತ್ತಿದ್ದರು. ಪಕ್ಕದಲ್ಲಿ ಅವ್ವ ಮೊರದಲ್ಲಿ ನವಣಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನು ಎರಡು ಹಾಳೆ ತಿರುವುವಷ್ಟರಲ್ಲೇ ಆಕಳಿಸತೊಡಗಿದೆ.

"ಏನ್ ಕಳ್ಕಂಡಿದೀಯೋ, ಅಷ್ಟು ಹುಡುಕ್ತೀಯಲ್ಲ?" ಎಂದಳು ಅವ್ವ.

ಬಳಪದಲ್ಲಿ ಜಗಲಿಯ ಮೇಲೆ ಮೂರು ಅಕ್ಷರ ಪುಸ್ತಕದಲ್ಲಿರುವ ಹಾಗೇ ಸಣ್ಣಕ್ಷರದಲ್ಲಿ ಬರೆದು ತೋರಿಸಿದೆ: ಎ, ಆರ್, ಜಿ. ಅವ್ವನಿಗೆ ಕನ್ನಡವೂ ಓದಲು ಬರುತ್ತಿರಲಿಲ್ಲ. ತಲೆ ಓರೆ ಮಾಡಿ ನೋಡಿದಳು. "ಇದು ಕುಂತ ಗುಬ್ಬಿ. ಇದು ಮೊಳಕೆ. ಇದು ಕಿವಿ ಓಲೆ. ಮೂರೂ ಒಂದೇ ಕಡೆ ಇರ್ಬೇಕೇನು?"

"ಹೂಂ."

ಸೆರಗಿಗೆ ಕೈ ಒರೆಸಿಕೊಂಡು ಹಾಳೆಯ ಮೇಲೆ ಬೆರಳಿಟ್ಟಳು. "ಇಲ್ಲೊಂದೈತೆ. ಇಲ್ಲೊಂದೈತೆ. ಲೇ, ಇದ್ರಾಗೂ ಐತೆ ನೋಡೋ!"

ನಾನು ಬೆಪ್ಪಾದೆ. ಒಂದೂ ತಪ್ಪಿರಲಿಲ್ಲ. ಅಕ್ಕಿಯ ನಡುವೆ ಅಕ್ಕಿ ಬಣ್ಣದ ಕಲ್ಲನ್ನೇ ಹಿಡಿಯುವ ಕಣ್ಣಿಗೆ ಇದೇನು ಮಹಾ! ಅವಳು ಬೆರಳಿಡುತ್ತ ಹೋದಳು, ನಾನು ಬರೆಯುತ್ತ ಹೋದೆ. ಗಾರ್ಡನ್, ಶುಗರ್, ಡೇಂಜರ್, ಆರೆಂಜ್. ಮಧ್ಯೆ ಒಂದು ಪದಕ್ಕೆ ಏನರ್ಥ ಎಂದು ಕೇಳಿದಳು. ಅದು ಗ್ರೇನ್. "ಕಾಳು ಅಂತ" ಎಂದೆ. "ಅಯ್ಯೋ, ಇಲ್ಲಿಗೂ ಬಂದ್ವಾ!" ಎಂದು ನಕ್ಕಳು. ಅವ್ವ ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ. ಭಾನುವಾರ ಕೆಲಸ ಬೇಗ ಮುಗಿಸಿ, ಕರೆಯದೆಯೇ ಬಂದು ಕೂತಳು.

ಸೋಮವಾರ ಉಳಿದವರು ಹತ್ತು, ಹನ್ನೆರಡು ಪದ ತಂದಿದ್ದರು. ನನ್ನವು ಅರವತ್ತು ದಾಟಿದ್ದವು. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಯಾರೋ ಹುಡುಕಿಕೊಟ್ಟೋರು? ನಿಜ ಹೇಳು" ಎಂದರು. ಅದೇ ಹೊತ್ತಿಗೆ ಅವ್ವ ಬಾಗಿಲಿಗೆ ಬಂದಳು. ನಾನು ಪದ ಬರೆದು ಮನೆಯಲ್ಲೇ ಮರೆತಿದ್ದ ಎರಡನೆಯ ಹಾಳೆ ಅವಳ ಕೈಯಲ್ಲಿತ್ತು.

"ಏನು, ನಿಮ್ಮ ತಾಯಿಯೋ?" ಎಂದರು ಮೇಷ್ಟ್ರು. ಹುಡುಗರೆಲ್ಲ ಹೋ ಎಂದು ನಕ್ಕರು.

ಹೌದೆಂದರೆ ಚಿತ್ರದುರ್ಗ ಕೈತಪ್ಪಿತು ಎನಿಸಿತು ನನಗೆ. "ಇಲ್ಲ ಸ್ವಾಮಿ. ನಮ್ಮವ್ವಂಗೆ ಏನೂ ತಿಳಿಯಲ್ಲ. ಎಲ್ಲ ನಾನೇ ಹುಡುಕಿದ್ದು" ಎಂದೆ.

ಅವ್ವ ಹಾಳೆಯನ್ನು ಹೊಸ್ತಿಲ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಹೋದಳು.

ಮೇಷ್ಟ್ರು ದುರ್ಗಕ್ಕೆ ನನ್ನನ್ನೇ ಆರಿಸಿದರು. ಸಂಜೆ ಅವ್ವ ಹೋಳಿಗೆ ಮಾಡಿದ್ದಳು. ಅಪ್ಪ ಓಣಿಗೆಲ್ಲ ಕೇಳುವ ಹಾಗೆ ನನ್ನನ್ನು ಹೊಗಳಿದರು. ಅವ್ವ ಇನ್ನೊಂದು ಮಿಳ್ಳೆ ತುಪ್ಪ ಬಡಿಸಿ, "ಉಣ್ಣಪ್ಪ, ದುರ್ಗದಾಗೆ ಯಾರು ಹಾಕ್ತಾರೆ" ಎಂದಳಷ್ಟೆ. ತಪ್ಪಾಯ್ತವ್ವಾ ಎನ್ನಬೇಕೆಂದು ನಾಲಿಗೆ ತುದಿಗೆ ಬಂತು. ಹೋಳಿಗೆಯ ಜೊತೆಗೆ ಅದನ್ನೂ ನುಂಗಿದೆ. ಬೇಸಿಗೆ ಕಳೆದ ಮೇಲೆ ಗಾಡಿ ಹತ್ತಿ ದುರ್ಗಕ್ಕೆ ಹೋದೆ.

ಮೊದಲ ರಜೆಗೆ ಬಂದಾಗ ಅವ್ವ ಜಗಲಿಯ ಮೇಲೇ ಕೂತಿದ್ದಳು, ಮೊರ ಮುಂದಿಟ್ಟುಕೊಂಡು. ನಾನು ಡಿಕ್ಷನರಿ ತಂದು ಬಿಚ್ಚಿ ಅವಳ ಮುಂದೆ ಹಿಡಿದೆ. "ಅವ್ವಾ, ಹುಡುಕಾಣ ಬಾ" ಎಂದೆ. ಕ್ಷಮೆ ಕೇಳಲು ನನಗೆ ಗೊತ್ತಿದ್ದ ದಾರಿ ಅದೊಂದೇ.

ಅವ್ವ ಪುಸ್ತಕವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಕಣ್ಣು ಮಂಜಾಗ್ಯಾವಪ್ಪ. ಈಗೇನೂ ಕಾಣಲ್ಲ ನಂಗೆ" ಎಂದಳು. ಹೇಳುತ್ತಲೇ ಮೊರದಿಂದ ಸಾಸಿವೆಗಿಂತ ಸಣ್ಣ ಕಲ್ಲೊಂದನ್ನು ಎತ್ತಿ ಅಂಗಳಕ್ಕೆ ಎಸೆದಳು.

ಅವಳು ಆಮೇಲೂ ಬಹಳ ವರ್ಷ ಬದುಕಿದಳು. ಇಂಗ್ಲಿಷ್ ನನಗೆ ನೌಕರಿ ಕೊಟ್ಟಿತು, ಮನೆ ಕೊಟ್ಟಿತು, ಊರಲ್ಲಿ ನಾಲ್ಕು ಜನರ ಮರ್ಯಾದೆ ಕೊಟ್ಟಿತು. ಅದರ ಒಂದು ಹಾಳೆಯನ್ನೂ ಮತ್ತೆಂದೂ ಅವ್ವ ನನ್ನ ಪಕ್ಕದಲ್ಲಿ ಕೂತು ನೋಡಲಿಲ್ಲ.