ಮೂವತ್ತು ದಾಟಿದ ಆಟಗಾರರು ಮತ್ತು ಎಡಗೈಯ ಹಗ್ಗ

ನಾನು ಫೋನಿನಲ್ಲಿ ಆಡುವ ಫುಟ್‌ಬಾಲ್ ಆಟದಲ್ಲಿ ಚೆಂಡು ಒದೆಯುವ ಕೆಲಸ ನನಗಿಲ್ಲ. ನಾನು ತಂಡದ ಮ್ಯಾನೇಜರ್. ಆಟಗಾರರನ್ನು ಕೊಳ್ಳುವುದು, ಮಾರುವುದು, ಯಾರಿಗೆ ಎಂಥ ತರಬೇತಿ, ಯಾರು ಮೈದಾನಕ್ಕಿಳಿಯಬೇಕು, ಯಾರು ಬೆಂಚಿನ ಮೇಲೆ ಕೂರಬೇಕು ಎಂದು ನಿರ್ಧರಿಸುವುದಷ್ಟೇ ನನ್ನ ಪಾಲು. ಪಂದ್ಯವನ್ನು ಅವರೇ ಆಡುತ್ತಾರೆ, ನಾನು ನೋಡುತ್ತೇನೆ. ಪ್ರತಿಯೊಬ್ಬನ ಹೆಸರಿನ ಮುಂದೆ ಓಟ, ದಮ್ಮು, ಧೈರ್ಯ ಎಲ್ಲಕ್ಕೂ ಒಂದೊಂದು ಅಂಕಿ. ಹುಡುಗರಿಗೆ ಅಂಕಿಗಳ ಜೊತೆಗೆ ನಕ್ಷತ್ರಗಳು ಇರುತ್ತವೆ. ಮುಂದೆ ಎಷ್ಟು ಬೆಳೆಯಬಲ್ಲ ಎಂಬ ಅಂದಾಜು ಅದು. ಮೂವತ್ತು ದಾಟಿದವರಿಗೆ ನಕ್ಷತ್ರವಿಲ್ಲ. ಅವರ ಅಂಕಿಗಳ ಪಕ್ಕದಲ್ಲಿ ಕೆಳಮುಖದ ಕೆಂಪು ಬಾಣ ಬರತೊಡಗುತ್ತದೆ. ಮೊದಲು ಓಟಕ್ಕೆ, ಆಮೇಲೆ ದಮ್ಮಿಗೆ.

ಕಾಲೇಜಿನಲ್ಲಿ ಓದುತ್ತಿದ್ದಾಗ ಹತ್ತಿದ ಚಟ. ಈಗ ಗೋಕಾಕದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೇನೆ. ಪಾಠವಿಲ್ಲದ ಹೊತ್ತಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ದಪ್ಪನೆಯ ಪುಸ್ತಕದ ಮರೆಯಲ್ಲಿ ಆಡುತ್ತೇನೆ. ಹುಕ್ಕೇರಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಗೆಳೆಯನ ತಂಡವೂ ಅದೇ ಲೀಗಿನಲ್ಲಿದೆ. ಅವನು ಹಳಬರನ್ನು ಬಿಡುವವನಲ್ಲ. ಕಾಲು ಸೋತ ಆಟಗಾರನ ಕರಾರನ್ನೂ ಮತ್ತೆ ಮತ್ತೆ ಮುಂದುವರಿಸುತ್ತಾನೆ. ನನ್ನದು ಬೇರೆ ಲೆಕ್ಕ. ಕೆಂಪು ಬಾಣ ಬರುವ ಮೊದಲೇ ಮಾರಿಬಿಡಬೇಕು, ಆ ಜಾಗಕ್ಕೆ ನಕ್ಷತ್ರದ ಹುಡುಗನನ್ನು ತರಬೇಕು. ತಂಡದ ಪುಟ ತೆರೆದ ಕೂಡಲೇ ನನ್ನ ಬೆರಳು ತಾನಾಗಿ ವಯಸ್ಸಿನ ಸಾಲನ್ನು ಒತ್ತುತ್ತದೆ. ಎಲ್ಲಕ್ಕಿಂತ ಮೇಲೆ ಮುದುಕರು ಬರುತ್ತಾರೆ. ಅಲ್ಲಿಂದ ನನ್ನ ಕೆಲಸ ಶುರು.

ನಮ್ಮ ಮನೆ ಮಮದಾಪುರದಲ್ಲಿದೆ. ಅಪ್ಪ ತೀರಿಕೊಂಡ ಮೇಲೆ ಹೊಲದ ಲೆಕ್ಕ ಅಣ್ಣನದು, ದನಗಳ ಲೆಕ್ಕ ಕಾಕಾನದು. ಅಪ್ಪನ ಬೆನ್ನಿಗೆ ಹುಟ್ಟಿದ ಕಾಕಾ, ಅವನ ಹೆಂಡತಿ ಚಿಗವ್ವ ನಮ್ಮ ಜೊತೆಗೇ ಇದ್ದಾರೆ. ಸಂಜೆ ನಾನು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಆಡುವಾಗ ಕಾಕಾ ಮೇವು ಹಾಕುತ್ತ ನನ್ನ ಫೋನಿನೊಳಗೆ ಇಣುಕುತ್ತಿದ್ದ.

"ಇದರಾಗ ಚೆಂಡ ಎಲ್ಲಿ ಐತೋ?"

"ಚೆಂಡ ಅವ್ರು ಆಡ್ತಾರ ಕಾಕಾ. ನಾ ಮಂದೀನ ನೋಡ್ತೇನಿ."

"ಮಂದೀನ ನೋಡೂದೂ ಒಂದ ಆಟಾನ? ಹಂಗಾರ ನಾನೂ ದೊಡ್ಡ ಆಟಗಾರ ಬಿಡು, ದಿನಾ ಎತ್ತ ನೋಡ್ತೇನಿ." ಆಮೇಲೆ ಒಬ್ಬ ಆಟಗಾರನ ಚಿತ್ರದ ಮೇಲೆ ಬೆರಳಿಟ್ಟ. "ಇಂವಾ ಯಾರು? ಬಾಯಿ ಕೂಡಿದಂಗ ಕಾಣಸ್ತೈತಿ."

ಎತ್ತಿಗೆ ಎಲ್ಲ ಹಲ್ಲು ಬಂದು ವಯಸ್ಸು ತುಂಬಿದರೆ ಬಾಯಿ ಕೂಡಿತು ಅನ್ನುತ್ತಾರೆ. ಆ ಆಟಗಾರ ನನ್ನ ಹಿಂಬದಿಯ ಡಿಫೆಂಡರ್, ಮೂವತ್ತಮೂರರವನು. ಮಾರಬೇಕೆಂದಿದ್ದೇನೆ ಅಂದೆ.

"ಮಾರಿದ್ರ ಸಣ್ಣವ್ರಿಗೆ ಕಲಸಾವ್ರು ಯಾರು?"

ಅದೂ ಆಟದಲ್ಲಿದೆ. ಹುಡುಗನನ್ನು ಹಳೆಯ ಆಟಗಾರನ ಜೋಡಿ ಬಿಟ್ಟರೆ ಅವನ ಗುಣ ಇವನಿಗೆ ನಿಧಾನಕ್ಕೆ ಇಳಿಯುತ್ತದೆ. ಹೇಳಿದಾಗ ಕಾಕಾನಿಗೆ ಬಹಳ ಖುಷಿಯಾಯಿತು. ಆಗಷ್ಟೇ ಅವನು ಹೊಸ ಹೋರಿಯೊಂದನ್ನು ಚಕ್ಕಡಿಗೆ ಪಳಗಿಸುತ್ತಿದ್ದ. ನಮ್ಮಲ್ಲಿ ಹೋರಿಯನ್ನು ಹೋರಿಯ ಜೋಡಿ ಹೂಡುವುದಿಲ್ಲ; ಒಂದು ಸುಗ್ಗಿಯಾದರೂ ಹಳೆಯ ಎತ್ತಿನ ಬಾಜೂ ನೊಗಕ್ಕೆ ಕಟ್ಟುತ್ತಾರೆ. "ನೋಡ, ನಿನ್ನ ಈ ಆಟ ಮಾಡಿದಾಂವಾ ಯಾರೋ ಒಕ್ಕಲಿಗನ ಮಗಾನ ಇರಬೇಕ," ಅಂದು ನಗುತ್ತ ಹೋದ. ನಾನು ಆ ಜೋಡಿಯ ಸವಲತ್ತನ್ನು ಒಮ್ಮೆಯೂ ಬಳಸಿರಲಿಲ್ಲ. ಅದರ ಫಲ ಬರಲು ತಡವಾಗುತ್ತದೆ.

ಕಾಲುವೆಯ ರಸ್ತೆಯಲ್ಲಿ ಆದದ್ದನ್ನು ಹೇಳುವ ಮೊದಲು ಆ ರಸ್ತೆ ಹೇಗಿದೆ ಎಂದು ಹೇಳಬೇಕು. ಹೊಲದಿಂದ ಮನೆಗೆ ಬರುವಾಗ ಎಡಕ್ಕೆ ಕಾಲುವೆ, ಬಲಕ್ಕೆ ಕಬ್ಬು. ನಡುವೆ ಒಂದು ಚಕ್ಕಡಿ, ಒಂದು ಟ್ರ್ಯಾಕ್ಟರ್ ಒತ್ತಿಕೊಂಡು ದಾಟುವಷ್ಟು ಮಣ್ಣಿನ ದಾರಿ. ಎದುರಿನ ಗಾಡಿಗಳು ಬಲಕ್ಕೆ ಬರುತ್ತವೆ. ಹೋರಿಗೆ ಇನ್ನೂ ಗಾಡಿಗಳ ಹೆದರಿಕೆ ಇತ್ತು, ಅದಕ್ಕೇ ಕಾಕಾ ಅದನ್ನು ಎಡಕ್ಕೆ ಕಟ್ಟಿ, ಗಾಡಿ ಹಾಯುವ ಬದಿಗೆ ಹಳೆಯ ಎತ್ತನ್ನು ಕಟ್ಟಿದ್ದ. ಚಕ್ಕಡಿಯಲ್ಲಿ ಅರ್ಧದಷ್ಟು ಮೇವಿತ್ತು. ಕಾಕಾ ಮುಂದೆ ಕೂತಿದ್ದ, ಎಡಗೈಯಲ್ಲಿ ಹೋರಿಯ ಹಗ್ಗ, ಬಲಗೈಯಲ್ಲಿ ಎತ್ತಿನ ಹಗ್ಗ. ಕಾಲೇಜು ಮುಗಿಸಿ ಬರುತ್ತಿದ್ದ ನಾನು ಹಿಂದೆ ಬೈಕಿನ ಮೇಲೆ. ದಾಟಲು ಜಾಗವಿಲ್ಲದ್ದರಿಂದ ಎತ್ತಿನ ನಡಿಗೆಯಲ್ಲೇ ಬೈಕ್ ನಡೆಸುತ್ತಿದ್ದೆ.

ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂತು. ಖಾಲಿ ಟ್ರೇಲರ್, ದೊಡ್ಡ ಸ್ಪೀಕರು, ಎದೆ ನಡುಗಿಸುವ ಸದ್ದು. ನಮ್ಮ ಪಕ್ಕಕ್ಕೆ ಬಂದಾಗ ಖಾಲಿ ಟ್ರೇಲರ್ ತಗ್ಗಿಗೆ ಬಿದ್ದು ತಗಡು ಸಿಡಿದಂತಾಯಿತು. ಹೋರಿ ಒಮ್ಮೆಲೇ ಎಡಕ್ಕೆ ನೆಗೆಯಿತು. ನೊಗ ಓರೆಯಾಯಿತು. ಟ್ರ್ಯಾಕ್ಟರ್ ನಿಲ್ಲದೆ ಹೋಯಿತು, ಚಕ್ಕಡಿ ಓಡತೊಡಗಿತು. ಎಡಗಾಲಿ ಕಾಲುವೆಯ ಅಂಚಿನ ಹುಲ್ಲಿನ ಮೇಲೆ ಉರುಳುತ್ತಿತ್ತು, ಅದರ ಅಡಿಯಿಂದ ಮಣ್ಣು ಕಳಚಿ ನೀರಿಗೆ ಬೀಳುತ್ತಿತ್ತು. ಕಾಲುವೆ ತುಂಬಿ ಹರಿಯುತ್ತಿತ್ತು. ಕಾಕಾನಿಗೆ ಈಜು ಬರುವುದಿಲ್ಲ.

ಆಗ ನಾನು ಕಂಡದ್ದು: ಕಾಕಾನ ಎಡಗೈಯ ಹಗ್ಗ ಕೆಳಗೆ ಬಿತ್ತು. ಹಾವಿನಂತೆ ನೆಲದ ಮೇಲೆ ಎಳೆದುಕೊಂಡು ಹೋಯಿತು.

ನಾನು ಬೈಕಿನಿಂದ ಇಳಿಯಲಿಲ್ಲ, ಕೂಗಲೂ ಇಲ್ಲ. ಒಂದು ಕಾಲು ನೆಲಕ್ಕೆ ಊರಿ ನಿಂತುಬಿಟ್ಟೆ. ಚಕ್ಕಡಿ ಇದ್ದಕ್ಕಿದ್ದಂತೆ ಬಲಕ್ಕೆ ಹೊರಳಿ, ದಾರಿಗೆ ಅಡ್ಡವಾಗಿ ಹಾಯ್ದು, ಕಬ್ಬಿನೊಳಗೆ ನುಗ್ಗಿ ನಿಂತಿತು. ಕಾಕಾ ಮುಂದಕ್ಕೆ ಉರುಳಿ ಬಿದ್ದಿದ್ದ. ನಾನು ಹೋಗುವಷ್ಟರಲ್ಲಿ ಎದ್ದು ಹಳೆಯ ಎತ್ತಿನ ಕೊರಳು ತಟ್ಟುತ್ತಿದ್ದ. ಮೊಣಕೈಯ ಚರ್ಮ ಕಿತ್ತು ರಕ್ತ ಬರುತ್ತಿತ್ತು. "ಹೋರಿ ಕಾಲ ನೋಡ, ಪೆಟ್ಟಾಗೇತೇನ," ಅಂದ.

ಮನೆಯಲ್ಲಿ ಅಣ್ಣ ಮೊದಲು ಕೇಳಿದ್ದು ನನ್ನನ್ನು. "ಏನಾತು? ನೀ ಹಿಂದ ಇದ್ದೆಲ್ಲ?"

"ಕಾಕಾನ ಕೈಯಾಗಿಂದ ಹಗ್ಗ ಜಾರ್ತು," ಅಂದೆ.

ಕಾಕಾ ಒಳಗೆ ಹೊರಸಿನ ಮೇಲೆ ಮಲಗಿದ್ದ. ಚಿಗವ್ವ ಮೊಣಕೈಗೆ ಅರಿಶಿನ ಹಚ್ಚುತ್ತಿದ್ದಳು. ನಾನು ಹೇಳಿದ್ದು ಅವನಿಗೆ ಕೇಳಿಸಿತ್ತು. ಚಿಗವ್ವ ಮಾತ್ರ, "ಖರೇನ? ಇವ್ರ ಕೈಯಾಗಿಂದ?" ಅಂದಳು. ಅವಳ ದನಿಯಲ್ಲಿದ್ದ ಆಶ್ಚರ್ಯ ನನ್ನನ್ನು ಅಲ್ಲಿಯೇ ತಡೆಯಬೇಕಿತ್ತು.

ಮರುದಿನದ ಹೊತ್ತಿಗೆ ಎಲ್ಲ ತೀರ್ಮಾನವಾಗಿತ್ತು. ಕಾಕಾ ಇನ್ನು ಚಕ್ಕಡಿ ಹೂಡಬಾರದು. ಹಳೆಯ ಎತ್ತಿಗೂ ವಯಸ್ಸಾಗಿದೆ, ಅದನ್ನು ಮೂಡಲಗಿಯ ದನದ ಸಂತೆಗೆ ಒಯ್ಯಬೇಕು. ಹೋರಿಗೆ ಒಂದು ಎಳೆಯ ಜೋಡಿ ತರಬೇಕು, ಹೂಡಲು ತುಕ್ಕಾನಟ್ಟಿಯಿಂದ ಆಳು ಬರುತ್ತಾನೆ. ಅಣ್ಣ ಕೆಟ್ಟವನಲ್ಲ. ಅವನಿಗೆ ಕಾಕಾ ಬದುಕಬೇಕಿತ್ತು, ಅಷ್ಟೇ. ಊಟಕ್ಕೆ ಕೂತಾಗ ನಗೆಯಾಡುತ್ತ ನನ್ನನ್ನು ಕೇಳಿದ, "ಮ್ಯಾನೇಜರ್ ಸಾಹೇಬ್ರ, ನಿಮ್ಮ ಆಟದಾಗ ಇಂಥಾದ್ದಕ್ಕ ಏನ್ ಮಾಡ್ತೀರಿ?"

"ಮಾರಿಬಿಡ್ತೇವಿ," ಅಂದೆ ನಾನೂ ನಗುತ್ತ.

ಕಾಕಾ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದ. ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ.

ಸಂತೆಗೆ ಇನ್ನೂ ಕೆಲವು ದಿನವಿತ್ತು. ಆ ದಿನಗಳಲ್ಲಿ ನನ್ನ ಕಣ್ಣ ಮುಂದೆ ಗಾಲಿಯ ಅಡಿಯಿಂದ ಮಣ್ಣು ಕಳಚುವುದು ನಿಲ್ಲಲಿಲ್ಲ. ಪಾಠ ಮಾಡುವಾಗಲೂ ಅದೇ ಕಾಣುತ್ತಿತ್ತು. ಪಾಠ ಮುಗಿದ ಕೂಡಲೇ ಸ್ಟಾಫ್ ರೂಮಿಗೆ ಬಂದು ಫೋನ್ ತೆಗೆಯುತ್ತಿದ್ದೆ. ಹುಕ್ಕೇರಿಯ ಗೆಳೆಯನ ತಂಡದೆದುರು ಒಂದು ಪಂದ್ಯ ಸೋತದ್ದು ಹಾಗೆ ಆಡುತ್ತಿದ್ದಾಗಲೇ. ಪಂದ್ಯದ ಕೊನೆಗೆ ಆಟವೇ ಎಲ್ಲರಿಗೂ ಅಂಕ ಕೊಡುತ್ತದೆ. ಮೂವತ್ತಮೂರರ ನನ್ನ ಡಿಫೆಂಡರನಿಗೆ ಎಲ್ಲರಿಗಿಂತ ಕಡಿಮೆ ಬಂದಿತ್ತು. ಕೂಡಲೇ ಮಾರಾಟಕ್ಕೆ ಹಾಕಿದೆ. ಗೆಳೆಯ ಫೋನ್ ಮಾಡಿದ.

"ಲೇ ಮಾಸ್ತರ, ಆ ಮುದುಕನ್ನ ಮಾರಾಕ ಇಟ್ಟಿ? ನಾ ತಗೋತೇನಿ."

"ಗೋಲ್ ಬಿಟ್ಟಾಂವಾ ಅವನ ಅಲ್ಲೇನೋ?"

"ಪೂರಾ ರಿಪ್ಲೇ ನೋಡಿಯೇನು? ಬರೇ ಅಂಕ ನೋಡ್ತಿ ಮಗನ. ಅಂವಾ ತನ್ನ ಮನಷಾನ್ನ ಬಿಟ್ಟ ಯಾಕ ಹ್ವಾದಾ ನೋಡು ಮೊದಲ."

ನೋಡಿದೆ. ಗೋಲ್ ಹೊಡೆದವನನ್ನು ಕಾಯಬೇಕಾದವನು ನನ್ನ ಡಿಫೆಂಡರನೇ, ಅದು ನಿಜ. ಆದರೆ ಗೋಲ್‌ಗಿಂತ ಸ್ವಲ್ಪ ಮುಂಚೆ, ಅವನ ಬಾಜೂ ಇದ್ದ ನನ್ನ ನಕ್ಷತ್ರದ ಹುಡುಗ ತನ್ನ ಜಾಗ ಬಿಟ್ಟು ಓಡಿಹೋಗಿದ್ದ. ಅಲ್ಲಿ ಇನ್ನೂ ದೊಡ್ಡ ಬಾಗಿಲು ತೆರೆದಿತ್ತು. ಡಿಫೆಂಡರ್ ಬೇಕೆಂದೇ ತನ್ನವನನ್ನು ಬಿಟ್ಟು ಆ ಬಾಗಿಲಿಗೆ ಅಡ್ಡ ಹೋಗಿದ್ದ. ಒಂದನ್ನು ಬಿಡದೆ ಇನ್ನೊಂದನ್ನು ಹಿಡಿಯಲು ಆಗುತ್ತಿರಲಿಲ್ಲ.

ಫೋನು ಕೆಳಗಿಟ್ಟೆ. ಕಾಲುವೆಯ ರಸ್ತೆ ಮತ್ತೆ ಕಣ್ಣಿಗೆ ಬಂತು. ಇಷ್ಟು ದಿನ ನಾನು ಬಿದ್ದ ಹಗ್ಗವನ್ನೇ ನೋಡುತ್ತಿದ್ದೆ. ಆ ಹೊತ್ತು ಮೊದಲ ಸಲ ಕಾಕಾನ ಬೆನ್ನು ನೋಡಿದೆ. ಕೈಯಿಂದ ಹಗ್ಗ ಜಾರಿದವನು ಅದನ್ನು ಹಿಡಿಯಲು ಬಾಗುತ್ತಾನೆ, ತಡಕಾಡುತ್ತಾನೆ. ಕಾಕಾ ಎಡಕ್ಕೆ ಬಾಗಲೇ ಇಲ್ಲ. ಎಡಗೈ ಬರಿದಾದ ಕ್ಷಣವೇ ಅದು ಬಲಕ್ಕೆ ಹೋಗಿತ್ತು. ಎರಡೂ ಮೊಣಕೈಗಳು ಬಲಗಡೆ ಇದ್ದವು, ಇಡೀ ಮೈ ಬಲಕ್ಕೆ ವಾಲಿತ್ತು. ಹೋರಿಯ ಹಗ್ಗ ಎಳೆದಿದ್ದರೆ ಅದು ಇನ್ನಷ್ಟು ಎಡಕ್ಕೆ, ನೀರಿಗೇ ತಿರುಗುತ್ತಿತ್ತು. ಅದಕ್ಕೆ ಬಿಟ್ಟುಬಿಟ್ಟಿದ್ದ. ಮಾತು ಕೇಳುವ ಹಳೆಯ ಎತ್ತನ್ನು ಎರಡೂ ಕೈಯಿಂದ ಎಳೆದಿದ್ದ. ಆ ಎತ್ತು ಗೊರಸು ಊರಿ ಬಲಕ್ಕೆ ತಿರುಗಿ ಹೋರಿಯನ್ನೂ ಚಕ್ಕಡಿಯನ್ನೂ ಎಳೆದುಕೊಂಡು ಬಂದಿತ್ತು. ಇವೆಲ್ಲ ನನ್ನ ಕಣ್ಣೆದುರೇ ನಡೆದಿದ್ದವು. ಕಂಡಿದ್ದೆ, ಆದರೆ ಮುದುಕನ ಕೈ, ಬಿದ್ದ ಹಗ್ಗ ಎಂದಷ್ಟೇ ಓದಿಕೊಂಡಿದ್ದೆ.

ಉಳಿದ ಪಾಠ ಬಿಟ್ಟು ಮನೆಗೆ ಬಂದೆ. ಮರುದಿನ ಸಂತೆ. ಎತ್ತಿನ ಮೈ ತೊಳೆದಾಗಿತ್ತು. ಅಣ್ಣನಿಗೆ ಹೇಳಿದೆ. ಹೇಳುವಾಗ ಎಡ ಬಲ ತಪ್ಪುತ್ತಿತ್ತು. ಅವನು ಪೂರ್ತಿ ಕೇಳಿ, "ಕಾಕಾ ಬೇಕಂತ ಬಿಟ್ಟಾನಂದ್ರ ಆವತ್ತ ಯಾಕ ಜಾರ್ತು ಅಂದಿ?" ಅಂದ.

ನಾನು ಎತ್ತಿನ ಕಡೆ ತಿರುಗಿದೆ.

"ಸಾಲಿ ಕಲತ ಹಿಂಗಾದಿ ನೋಡ," ಅಂದ ಅಣ್ಣ. ಸಿಟ್ಟು ಬಂದಿತ್ತು. ಆದರೆ ಆ ಸಂಜೆಯೇ, ಎತ್ತು ಒಯ್ಯಬೇಕಿದ್ದ ಟೆಂಪೋದವನಿಗೆ ಬರಬೇಡ ಎಂದು ಫೋನ್ ಮಾಡಿದ. ಹಳೆಯ ಎತ್ತು ಉಳಿಯಿತು. ಚಕ್ಕಡಿಯೂ ಕಾಕಾನದೇ ಎಂದ.

ಕೊಟ್ಟಿಗೆಗೆ ಹೋಗಿ ಕಾಕಾನ ಎದುರು ನಿಂತೆ. "ಹಗ್ಗ ಜಾರಲಿಲ್ಲ ಕಾಕಾ. ನೀ ಬಿಟ್ಟಿ. ಬಿಟ್ಟದ್ದಕ್ಕ ಉಳದಿ. ನಾ ತಪ್ಪ ಹೇಳಿದೆ."

ಅವನು ನನ್ನನ್ನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ತನ್ನ ಎಡಗೈಯನ್ನು ಬಿಚ್ಚಿ ಮುಚ್ಚಿ ನೋಡಿಕೊಂಡ.

"ಬಿಟ್ನೋ, ಜಾರ್ತೋ. ಆ ಗದ್ದಲದಾಗ ನನಗೇನ ನೆಪ್ಪ ಐತಿ? ನೀ ಹಿಂದ ನಿಂತ ಕಂಡಾಂವಾ. ಜಾರ್ತು ಅಂದಿ. ಇಂವಾ ಯಾಕ ಸುಳ್ಳ ಹೇಳ್ಯಾನು, ಜಾರಿರಬೇಕು ಅಂತ ನಾನೂ ತಿಳಕೊಂಡೆ."

"ಜಾರಿಲ್ಲ ಕಾಕಾ. ನಾ ಖರೇನ ಹೇಳಾಕತ್ತೇನಿ."

"ಆವತ್ತೂ ಖರೇನ ಹೇಳಿದ್ದೆಲ್ಲ ತಮ್ಮಾ," ಅಂದ. ಅದರಲ್ಲಿ ಚುಚ್ಚು ಇರಲಿಲ್ಲ. "ಇರ್ಲಿ. ವಯಸ್ಸಂತೂ ಆಗೇತಿ, ಅದರಾಗ ಸುಳ್ಳಿಲ್ಲ."

ನಮ್ಮ ಆಟದಲ್ಲಿ ಮ್ಯಾನೇಜರ್ ಒಬ್ಬನನ್ನು ಎಲ್ಲರೆದುರು ದೂರಿದರೆ ಅವನ ಮನೋಬಲದ ಗುರುತು ಕೆಳಗಿಳಿಯುತ್ತದೆ. ಎರಡು ಪಂದ್ಯ ಗೆದ್ದರೆ, ಒಮ್ಮೆ ಹೊಗಳಿದರೆ ಮತ್ತೆ ಏರುತ್ತದೆ. ನಾನು ಅದನ್ನೇ ನಂಬಿ ಕಾದೆ.

ಕಾಕಾ ಮತ್ತೆ ಚಕ್ಕಡಿ ಹೂಡಿದ ದಿನ ನಾನು ಬೈಕು ಬಿಟ್ಟು ಅವನ ಪಕ್ಕದಲ್ಲಿ ಕೂತೆ. ಕಾಲುವೆಯ ರಸ್ತೆಗೆ ಬರುತ್ತಿದ್ದಂತೆ ಅವನು ಹೋರಿಯ ಹಗ್ಗವನ್ನು ಎಡಮಣಿಕಟ್ಟಿಗೆ ಸುತ್ತಿಕೊಂಡ. ಮೊದಲು ಒಂದು ಸುತ್ತು. ಸಾಲದು ಎನ್ನಿಸಿತೇನೋ, ಮತ್ತೊಂದು. ಸಣ್ಣವನಿದ್ದಾಗ ನಾನು ಹಾಗೆ ಸುತ್ತಿಕೊಂಡಿದ್ದಕ್ಕೆ ಇದೇ ಕಾಕಾ ನನ್ನ ಕೈಗೆ ಹೊಡೆದಿದ್ದ. ಹಗ್ಗ ಸುತ್ತಿಕೊಂಡವನನ್ನು ದನ ಎಲ್ಲಿಗೆ ಓಡಿದರೂ ಎಳೆದುಕೊಂಡೇ ಹೋಗುತ್ತದೆ. ನೀರಿಗಾದರೆ ನೀರಿಗೆ.

"ಕಾಕಾ, ಬಿಚ್ಚು ಅದನ್ನ."

"ಮತ್ತ ಜಾರಿದ್ರ?"

"ಜಾರೂದಿಲ್ಲ."

"ನೀ ಸುಮ್ನ ಕುಂಡ್ರು. ದಾರಿ ನೋಡು."

ಆ ದಿನ ಎದುರಿಗೆ ಯಾವ ಗಾಡಿಯೂ ಬರಲಿಲ್ಲ. ಹೋರಿ ತಲೆ ತಗ್ಗಿಸಿ ಹಳೆಯ ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕಿತು. ಮನೆ ಮುಟ್ಟಿದ ಮೇಲೆ ಕಾಕಾ ಹಗ್ಗ ಬಿಚ್ಚಿದ. ಮಣಿಕಟ್ಟಿನ ಮೇಲೆ ಎರಡು ಕೆಂಪು ಗೆರೆ ಎದ್ದಿದ್ದವು. ಅವುಗಳನ್ನು ಚಿಗವ್ವನಿಗೆ ಕಾಣದಂತೆ ಅಂಗಿಯ ತೋಳು ಇಳಿಸಿಕೊಂಡ.

ಈಗ ಕಾಲೇಜು ಮುಗಿದ ಕೂಡಲೇ ನೇರ ಹೊಲಕ್ಕೆ ಹೋಗುತ್ತೇನೆ. ಬೈಕು ಅಲ್ಲೇ ಬಿಟ್ಟು ಚಕ್ಕಡಿಯಲ್ಲಿ ಎಡಗಡೆ, ನೀರಿನ ಬದಿಗೆ ಕೂರುತ್ತೇನೆ. ಯಾಕೆ ಎಂದು ಅವನು ಕೇಳಿಲ್ಲ. ದೂರದಲ್ಲಿ ಸ್ಪೀಕರಿನ ಸದ್ದು ಕೇಳಿದರೆ ನನ್ನ ಬೆರಳುಗಳು ಅವನ ಮಣಿಕಟ್ಟಿನ ಆ ಸುತ್ತುಗಳ ಹತ್ತಿರ ಹೋಗಿ ಕಾಯುತ್ತವೆ. ಬಿಚ್ಚಲು ಎಷ್ಟು ಹೊತ್ತು ಬೇಕು ಎಂದು ಮನಸ್ಸಿನಲ್ಲೇ ಬಿಚ್ಚಿ ನೋಡುತ್ತೇನೆ. ಪ್ರತಿ ಸಲವೂ ತಡವಾಗುತ್ತದೆ.